ಕಳವೋ, ಸುಲಿಗೆಯೋ, ಡಕಾಯಿತಿಯೋ? ಕಾರು ಕಸಿದ ಮೇಲೆ ಮನೆಯೊಳಗೆ ಉಳಿಯುವ ಲೆಕ್ಕ

ಕರಾವಳಿಯ ಪತ್ರಿಕೆ ಓದುವವರಿಗೆ ಈ ಸುದ್ದಿಯ ಅಚ್ಚು ಪರಿಚಿತ. ರಾತ್ರಿ ಹೆದ್ದಾರಿಯಲ್ಲಿ ಕಾರು ಅಡ್ಡಗಟ್ಟಿದರು, ಒಳಗಿದ್ದವರಿಗೆ ಹೊಡೆದರು, ತಲವಾರು ತೋರಿಸಿ ಕೆಳಗಿಳಿಸಿದರು, ಕಾರಿನೊಂದಿಗೆ ಪರಾರಿಯಾದರು. ಗೊಂದಲ ಶುರುವಾಗುವುದು ಮರುದಿನದಿಂದ. ಪತ್ರಿಕೆಯ ಶೀರ್ಷಿಕೆಯಲ್ಲಿ ಅದು ‘ದರೋಡೆ’. ಎಫ್‌ಐಆರ್‌ನಲ್ಲಿ ‘ಸುಲಿಗೆ’. ವಿಮೆಯ ಅರ್ಜಿಯಲ್ಲಿ ‘ಕಳವು’. ವಾರ ಕಳೆದ ಮೇಲೆ ‘ಕಾರು ಪತ್ತೆ’ ಎಂಬ ಸಾಲು ಬರುತ್ತದೆ, ಆದರೆ ಕಾರು ಮನೆಗೆ ಬಂದಿರುವುದಿಲ್ಲ. ‘ಕುಟುಂಬ ಪ್ರಾಣಾಪಾಯದಿಂದ ಪಾರು’ ಎಂದು ಓದಿದ ಮೂರು ತಿಂಗಳ ಮೇಲೂ ಆ ಮನೆಯ ಯಜಮಾನ ಸ್ಟಿಯರಿಂಗ್ ಮುಟ್ಟಿಲ್ಲ ಎಂಬುದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಒಂದೇ ಘಟನೆಗೆ ಮೂರು ಹೆಸರು ಯಾಕೆ? ಸಿಕ್ಕಿದ ಕಾರು ಯಾಕೆ ಠಾಣೆಯಲ್ಲೇ ಉಳಿಯುತ್ತದೆ? ಗಾಯವಿಲ್ಲದೆ ಬಂದವರು ಯಾಕೆ ಸುಧಾರಿಸಿಕೊಳ್ಳುವುದಿಲ್ಲ? ಈ ಮೂರೂ ಪ್ರಶ್ನೆಗಳ ಬುಡ ಒಂದೇ. ನಮ್ಮ ಕಾನೂನು, ವಿಮೆ, ತನಿಖೆ ಎಲ್ಲವೂ ಕಾರಿನ ಸುತ್ತ ಕಟ್ಟಿದವು. ಕಾರಿನೊಳಗಿದ್ದವರು ಅಲ್ಲಿ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಸಾಕ್ಷಿಗಳಾಗಿ ಮಾತ್ರ.

ಮಾತಿನ ಅನುಕೂಲಕ್ಕೆ ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಳ್ಳೋಣ. ಬ್ರಹ್ಮಾವರದ ಗಂಡ, ಹೆಂಡತಿ, ಏಳು ವರ್ಷದ ಮಗಳು, ಗಂಡನ ತಾಯಿ. ದುಬೈಗೆ ಹೊರಟ ತಮ್ಮನನ್ನು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಟ್ಟು ನಡುರಾತ್ರಿ ಮರಳುತ್ತಿದ್ದಾರೆ. ಹಿಂದಿನಿಂದ ಒಂದು ಕಾರು ಬಂದು ತಾಗಿಸುತ್ತದೆ. ಏನಾಯಿತೆಂದು ನೋಡಲು ಗಂಡ ಇಳಿಯುತ್ತಾನೆ. ಮುಂದಿನ ಎರಡು ನಿಮಿಷದಲ್ಲಿ ಕಾರಿಲ್ಲ, ಫೋನುಗಳಿಲ್ಲ, ಹೆಂಡತಿಯ ಕೊರಳಲ್ಲಿ ಕರಿಮಣಿ ಇಲ್ಲ.

ನಾಲ್ವರೇ, ಐವರೇ?

ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಅವರು ಎಷ್ಟು ಜನ ಇದ್ದರು?’ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಡೀ ಪ್ರಕರಣದ ತೂಕ ಈ ಎಣಿಕೆಯ ಮೇಲೆ ನಿಂತಿದೆ.

ನಿಲ್ಲಿಸಿದ್ದ ಕಾರನ್ನು ಯಾರಿಗೂ ತಿಳಿಯದಂತೆ ಒಯ್ದರೆ ಕಳವು; ಕಲಂ 303, ಸಾಮಾನ್ಯವಾಗಿ ಗರಿಷ್ಠ 3 ವರ್ಷ. ಹೊಡೆದು ಅಥವಾ ಆ ಕ್ಷಣವೇ ಹೊಡೆಯುವ ಭಯ ಹುಟ್ಟಿಸಿ ಒಯ್ದರೆ ಸುಲಿಗೆ. ಕಲಂ 309, 10 ವರ್ಷದವರೆಗೆ. ಅದೇ ಸುಲಿಗೆ ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ. ಈ ಮಾತು 1860ರ ದಂಡ ಸಂಹಿತೆಯಿಂದ ಹಾಗೆಯೇ ಇಳಿದು ಬಂದದ್ದು. ಬರೆದವರ ಕಣ್ಣ ಮುಂದೆ ಇದ್ದದ್ದು ಎತ್ತಿನ ಗಾಡಿಯ ಪ್ರಯಾಣ, ಆದರೂ ರಾತ್ರಿಯ ದಾರಿ ಎಂದರೆ ಏನು ಎಂಬುದು ಅವರಿಗೆ ಗೊತ್ತಿತ್ತು. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಅದು ಡಕಾಯಿತಿ. ಕಲಂ 310, ಜೀವಾವಧಿಯವರೆಗೂ ಹೋಗಬಹುದು. ಮಾರಕಾಯುಧ ಬಳಸಿದ್ದರೆ ಅಥವಾ ತೀವ್ರ ಗಾಯ ಮಾಡಿದ್ದರೆ ಕಲಂ 311ರಂತೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡುವಂತಿಲ್ಲ. ಸಂಘಟಿತ ಅಪರಾಧದ ಹೊಸ ಕಲಂ 111ರ ಪಟ್ಟಿಯಲ್ಲಿ ಸುಲಿಗೆಯೂ ವಾಹನ ಕಳವೂ ಹೆಸರು ಹಿಡಿದು ಸೇರಿವೆ.

ಅಂದರೆ ನಾಲ್ವರಾದರೆ ಸುಲಿಗೆ, ಐವರಾದರೆ ಡಕಾಯಿತಿ. ಪತ್ರಿಕೆಯವರು ಎರಡಕ್ಕೂ ‘ದರೋಡೆ’ ಎಂದು ಬರೆಯುತ್ತಾರೆ, ಓದುಗ ಗೊಂದಲಕ್ಕೆ ಬೀಳುತ್ತಾನೆ. ಇಳಿದು ಬಂದು ಹೊಡೆದವರು ಮಾತ್ರವಲ್ಲ, ಆಚೆ ಕಾರಿನ ಎಂಜಿನ್ ಚಾಲೂ ಇಟ್ಟು ನೆರವಿಗೆ ಕೂತವನೂ ಈ ಐದರ ಲೆಕ್ಕಕ್ಕೆ ಬರುತ್ತಾನೆ.

ಈಗ ಬ್ರಹ್ಮಾವರದ ಕುಟುಂಬವನ್ನು ಕೇಳಿ. ಗಂಡ ‘ಮೂವರು’ ಎನ್ನುತ್ತಾನೆ, ಹೆಂಡತಿ ‘ಐದಾರು ಜನ’, ಅಜ್ಜಿ ‘ಇಬ್ಬರನ್ನು ಕಂಡೆ’. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆಯುಧ ಕಣ್ಣೆದುರು ಬಂದಾಗ ನೋಟ ಆಯುಧಕ್ಕೇ ಅಂಟಿಕೊಳ್ಳುತ್ತದೆ, ಹಿಡಿದವನ ಮುಖ ಮಸುಕಾಗುತ್ತದೆ ಎಂಬುದು ಸಾಕ್ಷಿಗಳ ನೆನಪಿನ ಕುರಿತ ಪ್ರಯೋಗಗಳಲ್ಲಿ 1980ರ ದಶಕದಿಂದಲೂ ಕಂಡುಬಂದಿರುವ ಸಂಗತಿ. ತಲವಾರಿನ ಅಲಗಿನ ಮೇಲೆ ತುಕ್ಕು ಇತ್ತೋ ಇಲ್ಲವೋ ಎಂಬುದು ನೆನಪಿರುತ್ತದೆ, ಹಿಡಿದವನ ಅಂಗಿಯ ಬಣ್ಣ ನೆನಪಿರುವುದಿಲ್ಲ.

ಇದರ ಪರಿಣಾಮ ಮನೆಯೊಳಗೂ ಆಗುತ್ತದೆ. ‘ಹೇಳಿಕೆ ಹೊಂದದಿದ್ದರೆ ಕೇಸು ಬಿದ್ದುಹೋಗುತ್ತದೆ’ ಎಂದು ಯಾರೋ ಬುದ್ಧಿವಂತ ನೆಂಟರು ಎಲ್ಲರನ್ನೂ ಕೂರಿಸಿ ಒಂದೇ ಕಥೆ ಮಾಡಿಸುತ್ತಾರೆ. ಆಗ ಪ್ರತಿಯೊಬ್ಬರ ನಿಜವಾದ ನೆನಪು ಹೋಗಿ ಒಪ್ಪಂದದ ನೆನಪು ಉಳಿಯುತ್ತದೆ. ಪಾಟೀಸವಾಲಿನಲ್ಲಿ ಮೊದಲು ಬಿರುಕು ಬಿಡುವುದು ಇದೇ. ಬೇರೆಬೇರೆಯಾಗಿ, ಬೇಗ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದ ಹೇಳಿಕೆಗಳು ಸ್ವಲ್ಪ ಹೊಂದದಿದ್ದರೂ ಹೆಚ್ಚು ಗಟ್ಟಿ.

‘ಕೀ ನೀವೇ ಕೊಟ್ಟಿರಾ?’

ಘಟನೆಯ ಬಳಿಕ ಗಂಡನನ್ನು ಅತಿ ಹೆಚ್ಚು ಚುಚ್ಚುವ ಮಾತು ಇದು. ಪೊಲೀಸರು ಕೇಳುತ್ತಾರೆ, ವಿಮೆಯ ಸರ್ವೆಯರ್ ಕೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ಪರಿಚಯದವರೂ ಕೇಳುತ್ತಾರೆ. ಹೌದು, ಅವನೇ ಕೊಟ್ಟ. ಮಗಳು ಹಿಂದಿನ ಸೀಟಿನಲ್ಲಿದ್ದಳು, ಕೀ ಅವನ ಕೈಯಲ್ಲಿತ್ತು, ಕೊಟ್ಟುಬಿಟ್ಟ.

ಕಾನೂನು ಇದನ್ನು ನೋಡುವ ಬಗೆ ಸ್ಪಷ್ಟ. ಪ್ರತಿ ಸುಲಿಗೆಯೊಳಗೂ ಒಂದೋ ಕಳವು ಇರುತ್ತದೆ, ಇಲ್ಲವೇ ಬೆದರಿಸಿ ವಸೂಲಿ ಇರುತ್ತದೆ ಎನ್ನುತ್ತದೆ ಕಲಂ 309. ಎದುರಿಗೆ ನಿಂತು, ಆ ಕ್ಷಣದ ಸಾವಿನ ಅಥವಾ ಏಟಿನ ಭಯ ಹುಟ್ಟಿಸಿ, ಅಲ್ಲೇ ಆಗಲೇ ವಸ್ತುವನ್ನು ಕೊಡುವಂತೆ ಮಾಡಿದರೆ ಅದು ಸುಲಿಗೆಯೇ. ಅಂಥ ಭಯದಲ್ಲಿ ಕೈಯೆತ್ತಿ ಕೊಟ್ಟದ್ದನ್ನು ಕಾನೂನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಠಾಣೆಯಲ್ಲಿ ಈ ಒಂದು ವಾಕ್ಯವನ್ನು ಯಾರಾದರೂ ಬಿಡಿಸಿ ಹೇಳಿದರೆ ಆ ಮನುಷ್ಯನ ಹೆಗಲಿನ ಭಾರ ಸ್ವಲ್ಪ ಇಳಿದೀತು. ಆದರೆ ಕಲಮುಗಳನ್ನು ಆರೋಪಿಗೆ ಹಚ್ಚಲು ಓದುತ್ತಾರೆ, ನೊಂದವನಿಗೆ ಯಾರೂ ಓದಿ ಹೇಳುವುದಿಲ್ಲ.

ಇಲ್ಲಿ ಎರಡು ವಾದಗಳಿವೆ. ‘ಗಾಡಿ ಹಾಯಿಸಿಬಿಡಬೇಕಿತ್ತು’ ಎನ್ನುವವರಿಗೂ ಕಾನೂನಿನ ಆಧಾರ ಇಲ್ಲದಿಲ್ಲ. ಸುಲಿಗೆಯ ಸಂದರ್ಭದಲ್ಲಿ ಸ್ವತ್ತಿನ ಖಾಸಗಿ ರಕ್ಷಣೆಯ ಹಕ್ಕು ಎದುರಾಳಿಯ ಪ್ರಾಣಹಾನಿಯವರೆಗೂ ವಿಸ್ತರಿಸಬಹುದು ಎಂದು ಕಲಂ 41 ಒಪ್ಪುತ್ತದೆ. ಆದರೆ ಹಕ್ಕು ಇದೆ ಎಂದ ಮಾತ್ರಕ್ಕೆ ಅದನ್ನು ಚಲಾಯಿಸುವುದು ಜಾಣತನ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮಗುವೂ ಮುದುಕಿಯೂ ಇರುವಾಗ, ಎದುರಿಗೆ ಎಷ್ಟು ಜನ, ಯಾವ ಆಯುಧ ಎಂಬುದು ತಿಳಿಯದಿರುವಾಗ, ಬಿಟ್ಟುಕೊಡಬಹುದಾದದ್ದು ಕಾರೊಂದೇ. ಸಾಲದ ಕಂತು ಬಾಕಿಯಿರುವ ಲೋಹದ ಡಬ್ಬಕ್ಕೆ ಪ್ರಾಣ ಒಡ್ಡಬೇಕಿತ್ತು ಎಂದು ಹೇಳುವುದು ಅಂಗಡಿ ಜಗಲಿಯಲ್ಲಿ ಕೂತವರಿಗೆ ಸುಲಭ.

ಒಂದೇ ದಾರಿಯ ಜಿಲ್ಲೆಗಳು

ಅಮೆರಿಕದಲ್ಲಿ ಈ ಅಪರಾಧಕ್ಕೆ ‘ಕಾರ್‌ಜಾಕಿಂಗ್’ ಎಂಬ ಹೆಸರು ಬಿದ್ದು ಮೂರು ದಶಕ ದಾಟಿತು. 1992ರಲ್ಲಿ ಅಲ್ಲಿ ಪ್ರತ್ಯೇಕ ಕೇಂದ್ರ ಕಾನೂನೇ ಬಂತು. ದಕ್ಷಿಣ ಆಫ್ರಿಕದ ಪೊಲೀಸರು ಇದರ ಅಂಕಿಸಂಖ್ಯೆಯನ್ನು ಬೇರೆಯಾಗಿಯೇ ಪ್ರಕಟಿಸುತ್ತಾರೆ. ಅಲ್ಲಿ ಒಂದು ಕಾರಣಸರಣಿಯನ್ನು ಗುರುತಿಸುತ್ತಾರೆ: ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ ಕಾರುಗಳಿಗೆ ಬಂದಂತೆ ನಿಂತ ಕಾರನ್ನು ಕದಿಯುವುದು ಕಷ್ಟವಾಯಿತು. ಹಾಗಾದರೆ ಕೀ ಇರುವ ಮನುಷ್ಯನ ಹತ್ತಿರವೇ ಹೋಗಬೇಕು. ಕಾರು ಭದ್ರವಾದಷ್ಟೂ ಚಾಲಕ ಗುರಿಯಾದ.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿ ಎಷ್ಟೋ ಬಾರಿ ಗುರಿ ಕಾರಲ್ಲ, ಕಾರಿನಲ್ಲಿ ಇದೆ ಎಂದು ನಂಬಿದ ಹಣ ಅಥವಾ ಚಿನ್ನ. ಕೇರಳ ಮತ್ತು ಕರಾವಳಿ ಕರ್ನಾಟಕದ ಹೆದ್ದಾರಿಗಳಲ್ಲಿ ಲೆಕ್ಕಕ್ಕೆ ಸಿಗದ ಹಣ ಸಾಗಿಸುವ ಕಾರುಗಳನ್ನು ಅಡ್ಡಗಟ್ಟುವ ತಂಡಗಳ ಸುದ್ದಿ ಹೊಸದಲ್ಲ. ಕಳೆದುಕೊಂಡವನು ದೂರು ಕೊಡಲಾರ ಎಂಬ ಧೈರ್ಯವೇ ಆ ತಂಡಗಳ ಬಂಡವಾಳ. ಇದರಿಂದ ಅಮಾಯಕ ಕುಟುಂಬಕ್ಕೆ ಎರಡು ಕೇಡು. ತಪ್ಪು ಮಾಹಿತಿಯಿಂದ ಅವರ ಕಾರೂ ಗುರಿಯಾಗಬಹುದು. ಆಮೇಲೆ ‘ನಿಜ ಹೇಳಿ, ಒಳಗೆ ಏನಿತ್ತು?’ ಎಂಬ ಪ್ರಶ್ನೆಯೂ ಅವರ ಮೇಲೆ ಬೀಳುತ್ತದೆ. ತನಿಖೆಯ ದೃಷ್ಟಿಯಿಂದ ಪ್ರಶ್ನೆ ಸಹಜವೇ. ಆದರೆ ವಿಮಾನ ನಿಲ್ದಾಣದಿಂದ ಬರುತ್ತಿದ್ದ, ಗಲ್ಫಿನ ನಂಟಿರುವ ಮನೆಯವರಿಗೆ ಆ ಪ್ರಶ್ನೆಯಲ್ಲಿ ಆರೋಪ ಕೇಳಿಸುತ್ತದೆ.

2025ರ ಜನವರಿಯಲ್ಲಿ ದಕ್ಷಿಣ ಕನ್ನಡದಲ್ಲಿ ಎರಡು ದೊಡ್ಡ ಪ್ರಕರಣಗಳು ನಡೆದವು. 3ರಂದು ಬಂಟ್ವಾಳ ತಾಲೂಕಿನ ಬೋಳಂತೂರಿನ ಮನೆಯೊಂದಕ್ಕೆ ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಿಗಳೆಂದು ಹೇಳಿಕೊಂಡು ಬಂದವರು ಹಣ ದೋಚಿದರು. 17ರಂದು ಉಳ್ಳಾಲ ಬಳಿಯ ಕೆ.ಸಿ. ರೋಡಿನಲ್ಲಿ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಹಾಡಹಗಲೇ ಮುಸುಕುಧಾರಿಗಳು ನುಗ್ಗಿ ಚಿನ್ನ, ನಗದು ದೋಚಿ ಕಾರಿನಲ್ಲಿ ಪರಾರಿಯಾದರು. ಆರೋಪಿಗಳು ಸಿಕ್ಕಿದ್ದು ತಮಿಳುನಾಡಿನಲ್ಲಿ. ಎರಡೂ ಕಾರು ಕಸಿದ ಪ್ರಕರಣಗಳಲ್ಲ. ಆದರೆ ಎರಡು ಸಂಗತಿಯನ್ನು ತೋರಿಸಿಕೊಟ್ಟವು. ಅಧಿಕಾರಿಯ ವೇಷ ಸಾಕು, ಬಾಗಿಲು ತೆರೆಯುತ್ತದೆ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಬೇರೆ ಪೊಲೀಸು. ಮಂಗಳೂರು ನಗರದಿಂದ ಗಡಿಗೆ ಅರ್ಧ ಗಂಟೆಯ ಹಾದಿ. ಹಾಗಾಗಿ ಮೊದಲ ಗಂಟೆಯಲ್ಲೇ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬೇಕು. ‘ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ’ ಎಂಬ ಮಾತು ಈಗ ನಡೆಯುವುದಿಲ್ಲ. ದೂರು, ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಒಂದು ಸಣ್ಣ ಮಾತು: ಕಾರು ಹೋದ ಗಾಬರಿಯಲ್ಲಿ ಫಾಸ್ಟ್ಯಾಗನ್ನು ತಕ್ಷಣ ಬ್ಲಾಕ್ ಮಾಡಿಸುವವರಿದ್ದಾರೆ. ಹೆಜಮಾಡಿಯಲ್ಲೋ ತಲಪಾಡಿಯಲ್ಲೋ ಗುಂಡ್ಮಿಯಲ್ಲೋ ಟೋಲ್ ಕಡಿತವಾದ ಸಂದೇಶವೇ ಕಾರು ಹೋದ ದಿಕ್ಕನ್ನು ಹೇಳಬಹುದು. ಪೊಲೀಸರನ್ನು ಕೇಳದೆ ಅದನ್ನು ಮುಚ್ಚಬಾರದು.

ಮನೆಗೆ ಬಂದ ಮೇಲೆ

ಗಾಯವಿಲ್ಲ, ಎಲ್ಲರೂ ಬದುಕಿದ್ದಾರೆ. ಮೊದಲ ಎರಡು ದಿನ ಮನೆಯಲ್ಲಿ ಒಂದು ವಿಚಿತ್ರ ಚುರುಕು ಇರುತ್ತದೆ: ಠಾಣೆ, ಬ್ಯಾಂಕು, ಹೊಸ ಸಿಮ್. ಆಮೇಲೆ ಮೈ ತನ್ನ ಲೆಕ್ಕ ತೆಗೆಯುತ್ತದೆ. ಇದನ್ನು ತುಳುವಿನಲ್ಲಿ ಪೋಡಿಗೆ ಎನ್ನುತ್ತಾರೆ, ಕನ್ನಡದಲ್ಲಿ ಹೆದರಿಕೆ. ಆದರೆ ಇದು ಹುಲಿ ಕಂಡಾಗಿನ ಹೆದರಿಕೆಯಲ್ಲ, ಹುಲಿ ಹೋದ ಮೇಲೂ ಹೋಗದ ಹೆದರಿಕೆ.

ಅದರ ಕಾರ್ಯವಿಧಾನ ಸರಳ. ಅಪಾಯದ ಕ್ಷಣದಲ್ಲಿ ಮಿದುಳು ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಎಲ್ಲವನ್ನೂ ಒಟ್ಟಿಗೆ ‘ಅಪಾಯ’ ಎಂದು ಗುರುತು ಹಾಕಿಡುತ್ತದೆ. ಹಿಂದಿನಿಂದ ಬಿದ್ದ ಹೆಡ್‌ಲೈಟು, ಬ್ರೇಕಿನ ಸದ್ದು, ಸುಟ್ಟ ಟಯರಿನ ವಾಸನೆ. ಮುಂದೆ ಇವುಗಳಲ್ಲಿ ಒಂದು ಎದುರಾದರೂ ಸಾಕು, ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅದನ್ನು ತಪ್ಪಿಸಲು ಮನುಷ್ಯ ಆ ಜಾಗ, ಆ ಹೊತ್ತು, ಆ ಮಾತು ಬಿಡುತ್ತಾನೆ. ಬಿಟ್ಟಾಗ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ‘ಬಿಟ್ಟದ್ದು ಸರಿ’ ಎಂದು ಮಿದುಳಿಗೆ ಪಾಠ ಹೇಳುತ್ತದೆ. ಹೀಗೆ ಹೆದರಿಕೆ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ.

ಬೇರೆ ಊರಿನಲ್ಲಾದರೆ ಆ ರಸ್ತೆಯನ್ನು ಬಿಟ್ಟು ಇನ್ನೊಂದರಲ್ಲಿ ಹೋಗಬಹುದು. ಕರಾವಳಿಯಲ್ಲಿ ಅದು ಆಗದ ಮಾತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ತಲಪಾಡಿಯಿಂದ ಶಿರೂರಿನವರೆಗೆ ಬೆನ್ನುಮೂಳೆಯಂತೆ ರಾಷ್ಟ್ರೀಯ ಹೆದ್ದಾರಿ 66. ಕೆಲಸ, ಆಸ್ಪತ್ರೆ, ಕಾಲೇಜು, ಹೆಂಡತಿಯ ತವರು ಎಲ್ಲವನ್ನೂ ಪೋಣಿಸಿದ ದಾರ ಅದೊಂದೇ. ಅದನ್ನು ಬಿಡುವುದೆಂದರೆ ಬದುಕನ್ನೇ ಬಿಡುವುದು; ಬಿಡದೆ ಹೋಗುವುದೆಂದರೆ ದಿನಕ್ಕೆರಡು ಬಾರಿ ಆ ಜಾಗವನ್ನು ಹಾಯುವುದು.

ಇನ್ನೊಂದು ನಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಈ ನಾಡಿನ ಬದುಕಿನ ದೊಡ್ಡ ಪಾಲು ರಾತ್ರಿಯಲ್ಲಿದೆ. ಯಕ್ಷಗಾನ ಮೇಳಗಳ ತಿರುಗಾಟ ಶುರುವಾದಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆಟ, ನೇಮ, ಕೋಲ, ಕಂಬಳ, ಚರ್ಚಿನ ಹಬ್ಬ, ಉರೂಸು ಎಲ್ಲವೂ ಕತ್ತಲಾದ ಮೇಲೆಯೇ ಬಣ್ಣ ಕಟ್ಟುವುದು. ರಾತ್ರಿ ಹೊರಡಲಾರದ ಮನೆ ಊರಿನ ಕಟ್ಟಿನಿಂದಲೇ ಮೆಲ್ಲಗೆ ಕಳಚಿಕೊಳ್ಳುತ್ತದೆ. ‘ಕುಟುಂಬದ ನೇಮಕ್ಕೂ ಬರಲಿಲ್ಲ, ಅಹಂಕಾರ ಬಂದಿದೆ’ ಎಂದು ಆಡಿಕೊಳ್ಳುವವರೂ ಇರುತ್ತಾರೆ.

ಮನೆಯ ಒಬ್ಬೊಬ್ಬರ ಪಾಡು ಒಂದೊಂದು. ಗಂಡನಿಗೆ ಅವಮಾನ ಸಿಟ್ಟಾಗಿ ಹೊರಬರುತ್ತದೆ, ಸಣ್ಣ ಸದ್ದಿಗೂ ರೇಗುತ್ತಾನೆ. ಹೆಂಡತಿಗೆ ಕಾರು ಹೋದದ್ದು ಎರಡನೆಯ ಮಾತು, ಕೊರಳಿಂದ ಕರಿಮಣಿ ಕಿತ್ತುಕೊಂಡದ್ದು ಮೊದಲನೆಯದು. ಅದರ ತೂಕ ಎಷ್ಟು ಪವನು ಎಂದು ಪೊಲೀಸರು ಬರೆದುಕೊಳ್ಳುತ್ತಾರೆ. ಅದು ಹರಿದದ್ದು ಅಪಶಕುನ ಎಂಬ ಭಯಕ್ಕೆ ಮಹಜರಿನಲ್ಲಿ ಜಾಗವಿಲ್ಲ. ಅಜ್ಜಿ ಏನೂ ಹೇಳುವುದಿಲ್ಲ, ಆದರೆ ಸಂಜೆ ಆರಕ್ಕೇ ಚಿಲಕ ಹಾಕುತ್ತಾಳೆ. ಮಗಳು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದನ್ನು ಮತ್ತೆ ಶುರುಮಾಡುತ್ತಾಳೆ, ಶಾಲಾ ವ್ಯಾನು ಬರುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾಳೆ. ಆಟದ ಕಾರಿನಿಂದ ಗೊಂಬೆಗಳನ್ನು ‘ಇಳೀರಿ, ಇಳೀರಿ’ ಎಂದು ಇಳಿಸುವ ಒಂದೇ ಆಟವನ್ನು ನೂರು ಸಲ ಆಡುತ್ತಾಳೆ. ದೊಡ್ಡವರು ಮಾತಿನಲ್ಲಿ ಹೇಳಿಕೊಳ್ಳುವುದನ್ನು ಮಕ್ಕಳು ಆಟದಲ್ಲಿ ಹೇಳುತ್ತಾರೆ. ಬೈದು ನಿಲ್ಲಿಸುವಂಥದ್ದಲ್ಲ ಅದು.

ಎಲ್ಲರನ್ನೂ ಒಟ್ಟಾಗಿ ಕಾಡುವ ಒಂದು ಯೋಚನೆ ಉಂಟು: ಕಾರಿನಲ್ಲಿ ಆರ್‌ಸಿ ಇತ್ತು, ಅದರಲ್ಲಿ ಮನೆಯ ವಿಳಾಸ ಇತ್ತು, ಕೀ ಗೊಂಚಲಲ್ಲಿ ಮನೆಯ ಕೀಯೂ ಇತ್ತು. ಇದು ಕಾಯಿಲೆಯ ಭ್ರಮೆಯಲ್ಲ, ನ್ಯಾಯವಾದ ಆತಂಕ. ಮರುದಿನವೇ ಬೀಗ ಬದಲಿಸುವುದು ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ, ಕೈಯಲ್ಲಿ ಇನ್ನೂ ಏನೋ ಹಿಡಿತ ಇದೆ ಎಂದು ಅದು ಮನಸ್ಸಿಗೆ ತೋರಿಸುತ್ತದೆ.

ತಲೆಗೆ ಬಂದದ್ದು ರುಮಾಲಿಗೆ ಹೋಯಿತೇ?

ನೋಡಲು ಬಂದವರೆಲ್ಲ ಆಡುವ ಮಾತು ಇದು: ‘ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಅಂತ ತಿಳಿಯಿರಿ.’ ಉದ್ದೇಶ ಒಳ್ಳೆಯದು, ಮಾತೂ ಅರ್ಧ ನಿಜ. ತೊಂದರೆ ಇರುವುದು ಅದು ಸಂಭಾಷಣೆಯನ್ನು ಅಲ್ಲಿಗೇ ಮುಚ್ಚುವುದರಲ್ಲಿ. ಪ್ರಾಣ ಉಳಿದಿರುವಾಗ ಅಳುವುದಕ್ಕೆ ಹಕ್ಕಿಲ್ಲ ಎಂಬ ಅರ್ಥ ಅದರಿಂದ ಹುಟ್ಟುತ್ತದೆ.

ಇದಕ್ಕೆ ಎದುರಿನ ತುದಿಯೂ ಅಪಾಯದ್ದೇ. ‘ಎಲ್ಲ ಹೇಳಿಬಿಡು, ಹಗುರಾಗುತ್ತದೆ’ ಎಂದು ಬಂದವರಿಗೆಲ್ಲ ಮೊದಲಿಂದ ಕಥೆ ಹೇಳಿಸುವುದು. ದುರಂತದ ಬೆನ್ನಿಗೇ ಎಲ್ಲರನ್ನೂ ಕೂರಿಸಿ ಒಂದೇ ಬಾರಿಗೆ ವಿವರವಾಗಿ ಹೇಳಿಸುವ ಕ್ರಮ ಮನೋವೈದ್ಯಕೀಯದಲ್ಲೂ ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ ಎಂದು ಅಧ್ಯಯನಗಳು ಕಂಡುಕೊಂಡ ಮೇಲೆ ಅದನ್ನು ಎಲ್ಲರಿಗೂ ಹಚ್ಚಬಾರದು ಎಂಬ ನಿಲುವಿಗೆ ವಿಶ್ವ ಆರೋಗ್ಯ ಸಂಸ್ಥೆ ಬಂತು. ಮೊದಲ ದಿನಗಳಲ್ಲಿ ಬೇಕಾದದ್ದು ಊಟ, ನಿದ್ದೆ, ಸುರಕ್ಷತೆ, ಸರಿಯಾದ ಮಾಹಿತಿ ಮತ್ತು ಹೇಳಬೇಕೆನಿಸಿದಾಗ ಕೇಳುವ ಒಬ್ಬರು. ನಿದ್ದೆ ಬರುವುದಿಲ್ಲವೆಂದು ಔಷಧದಂಗಡಿಯಿಂದ ಮಾತ್ರೆ ತಂದು ಕೊಡುವುದು ಬೇಡ. ಮೊದಲ ತಿಂಗಳಲ್ಲಿ ಈ ಲಕ್ಷಣಗಳಿಗೆ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳನ್ನು ಕೊಡಬಾರದು ಎಂದು 2013ರ ಅದೇ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ.

ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ. ಒಂದು ತಿಂಗಳು ಎಂಬುದು ವೈದ್ಯರು ಬಳಸುವ ಗೆರೆ. ಆ ಗೆರೆಯ ಆಚೆಗೂ ದುಃಸ್ವಪ್ನ, ಬೆಚ್ಚುವಿಕೆ, ತಪ್ಪಿಸಿಕೊಳ್ಳುವಿಕೆ, ಮಂಕು ಉಳಿದು ದಿನದ ಕೆಲಸ ಕೆಡುತ್ತಿದ್ದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ನೋಡಬೇಕಾಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಹೆದರಿಕೆಯ ನೆನಪನ್ನು ತಜ್ಞರ ಎದುರು, ಅಳತೆಯಲ್ಲಿ, ಹಂತಹಂತವಾಗಿ ಎದುರಿಸುವ ವಿಧಾನಗಳು ಫಲ ಕೊಡುತ್ತವೆ. ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ನೂಲು ಕಟ್ಟಿಸುವುದು, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ದೈವಕ್ಕೆ ಹರಕೆ ಹೇಳುವುದು? ವಿಚಾರವಾದಿಗಳು ಮೂಗು ಮುರಿಯಬಹುದು. ಆದರೆ ‘ಇನ್ನು ನಾನಿದ್ದೇನೆ’ ಎಂಬ ಅಭಯದ ಮಾತನ್ನು ಊರೆದುರು ಕೇಳುವುದರಿಂದ ಒಬ್ಬ ತಾಯಿ ಆ ರಾತ್ರಿ ನಿದ್ದೆ ಮಾಡಿದರೆ ಅದರಲ್ಲಿ ಕೆಡುಕೇನೂ ಇಲ್ಲ. ಕೆಡುಕು ಆಗುವುದು ಎರಡೇ ಸಂದರ್ಭದಲ್ಲಿ: ‘ನಿಮ್ಮದೇ ಯಾವುದೋ ದೋಷದಿಂದ ಹೀಗಾಯಿತು’ ಎಂಬ ಉತ್ತರ ಬಂದಾಗ ಮತ್ತು ಮಗುವನ್ನು ವೈದ್ಯರಿಗೆ ತೋರಿಸುವುದನ್ನು ಅದೇ ಕಾರಣಕ್ಕೆ ಮುಂದೂಡಿದಾಗ.

ವಿಮೆಯ ಲೆಕ್ಕ

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆ ಇದ್ದರೆ ‘ಕಳವು’ ಎಂಬ ಪದದೊಳಗೇ ಇದೂ ಸೇರುತ್ತದೆ. ಮೂರನೆಯ ಹೆಸರಿನ ಗುಟ್ಟು ಇಷ್ಟೇ. ಸಿಗುವುದು ಕಾರಿನ ಖರೀದಿ ಬೆಲೆಯಲ್ಲ, ಸವಕಳಿ ಕಳೆದು ಉಳಿದ ಘೋಷಿತ ಮೌಲ್ಯ. ಸಾಲ ಇದ್ದರೆ ಹಣ ಮೊದಲು ಬ್ಯಾಂಕಿಗೆ. ಕಾರು ಸಿಗದಿದ್ದಲ್ಲಿ ಪೊಲೀಸರ ‘ಸಿ ರಿಪೋರ್ಟ್’, ಅಂದರೆ ಪತ್ತೆಯಾಗದ ಪ್ರಕರಣವೆಂಬ ಅಂತಿಮ ವರದಿ ಬೇಕು. ಅಲ್ಲಿಯವರೆಗೆ ಕಂತು ನಿಲ್ಲುವುದಿಲ್ಲ. ಕಂಪನಿಗಳು ಎರಡೂ ಕೀ ಕೇಳುತ್ತವೆ. ಆದ್ದರಿಂದ ಒಂದು ಕೀಯನ್ನು ಆರೋಪಿಗಳೇ ಒಯ್ದರು ಎಂಬ ಸಾಲು ಎಫ್‌ಐಆರ್‌ನಲ್ಲಿ ಇರಲೇಬೇಕು. ದೂರು ತಕ್ಷಣ ದಾಖಲಾಗಿದ್ದು ಕಂಪನಿಗೆ ತಿಳಿಸುವುದು ಮಾತ್ರ ತಡವಾಗಿದ್ದರೆ, ಆ ಒಂದೇ ಕಾರಣಕ್ಕೆ ಪ್ರಾಮಾಣಿಕ ಬೇಡಿಕೆಯನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಮುಖಗಳ ಪ್ರದರ್ಶನ

ಆರೋಪಿಗಳು ಸಿಕ್ಕಿದ ದಿನ ಕುಟುಂಬಕ್ಕೆ ನೆಮ್ಮದಿ ಆಗಬೇಕು. ಕರಾವಳಿಯಲ್ಲಿ ಆ ದಿನವೇ ಇನ್ನೊಂದು ಗಲಾಟೆ ಶುರುವಾಗುತ್ತದೆ. ಹೆಸರು ಹೊರಬಿದ್ದ ಹತ್ತೇ ನಿಮಿಷದಲ್ಲಿ ಅದು ಯಾವ ಧರ್ಮದ ಹೆಸರು ಎಂಬುದೊಂದೇ ಸುದ್ದಿಯಾಗುತ್ತದೆ. ಎರಡೂ ಕಡೆಯವರಿಗೆ ಆ ಕುಟುಂಬದ ನೋವು ಕೈಗೆ ಸಿಕ್ಕ ಕಲ್ಲು. ‘ನೀವು ಮಾತಾಡಬೇಕು’ ಎಂದು ಮನೆಗೆ ಬರುವವರ ಮುಖಗಳು ಬದಲಾಗುತ್ತವೆ. ತಮ್ಮ ಕಥೆ ತಮ್ಮ ಕೈಯಲ್ಲಿಲ್ಲ ಎಂಬ ಭಾವನೆ ಹೆದ್ದಾರಿಯಲ್ಲಿ ಒಮ್ಮೆ ಆಗಿತ್ತು. ಈಗ ಮನೆಯ ಜಗಲಿಯಲ್ಲೇ ಮತ್ತೊಮ್ಮೆ ಆಗುತ್ತದೆ.

ಇದರಿಂದ ಪ್ರಕರಣಕ್ಕೂ ಪೆಟ್ಟು. ಅಪರಿಚಿತ ಆರೋಪಿಗಳನ್ನು ಸಾಕ್ಷಿಗಳು ಗುರುತಿಸುವ ಪೆರೇಡನ್ನು ದಂಡಾಧಿಕಾರಿಗಳ ಎದುರು, ಹೋಲುವ ಇತರರ ನಡುವೆ ನಿಲ್ಲಿಸಿ ನಡೆಸುತ್ತಾರೆ. ಅಷ್ಟರೊಳಗೆ ಫೋಟೊ ವಾಟ್ಸ್ಯಾಪ್‌ನಲ್ಲಿ ಹರಿದಾಡಿದ್ದರೆ ‘ನೀವು ಗುರುತಿಸಿದ್ದು ರಸ್ತೆಯಲ್ಲಿ ಕಂಡ ಮುಖವನ್ನೋ, ಮೊಬೈಲಿನಲ್ಲಿ ಕಂಡದ್ದನ್ನೋ?’ ಎಂದು ಆರೋಪಿ ಪರ ವಕೀಲರು ಕೇಳುತ್ತಾರೆ. ಅದಕ್ಕೆ ಉತ್ತರವಿಲ್ಲ. ಆರೋಪಿಗೆ ಶಿಕ್ಷೆಯಾಗಲಿ ಎಂದು ಫೋಟೊ ಹಂಚಿದವನೇ ಅವನ ಬಿಡುಗಡೆಗೆ ದಾರಿ ಮಾಡಿಕೊಟ್ಟಂತೆ.

ಕಾನೂನು ಸಾಲದೇ, ಎಣಿಕೆ ಸಾಲದೇ?

ಪ್ರತ್ಯೇಕ ಕಾನೂನು ಬೇಕು ಎಂಬ ಬೇಡಿಕೆ ಇಂಥ ಘಟನೆಗಳಾದಾಗ ಕೇಳಿಬರುತ್ತದೆ. ಮೇಲಿನ ಕಲಮುಗಳನ್ನು ನೋಡಿದರೆ ಶಿಕ್ಷೆಯ ಕೊರತೆ ಕಾಣುವುದಿಲ್ಲ. ಕೊರತೆ ಇರುವುದು ಲೆಕ್ಕದಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಲ್ಲಿ ವಾಹನ ಕಳವು 1 ಶೀರ್ಷಿಕೆ, ಸುಲಿಗೆ ಇನ್ನೊಂದು. ಜನರಿದ್ದ ಕಾರನ್ನು ಹೊಡೆದು ಕಸಿದದ್ದು ಈ ರಾಶಿಗಳಲ್ಲಿ ಕರಗಿಹೋಗುತ್ತದೆ. ಯಾವ ಹೊತ್ತಿಗೆ, ಯಾವ ಸರ್ವಿಸ್ ರಸ್ತೆಯಲ್ಲಿ, ಯಾವ ಉಪಾಯದಿಂದ ಎಂಬುದು ಬಿಡಿಯಾಗಿ ಕಾಣದಿದ್ದರೆ ಗಸ್ತು ವಾಹನ ನಿಲ್ಲುವ ಜಾಗವೂ ಅಂದಾಜಿನದ್ದೇ ಆಗುತ್ತದೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಪರಿಣಾಮ ಇದೆ. ‘ಕಾರಿಗೆ ತಾಗಿಸಿ ನಿಲ್ಲಿಸುತ್ತಾರೆ, ಅಪಘಾತದ ನಾಟಕ ಮಾಡುತ್ತಾರೆ’ ಎಂಬ ಮಾತು ಹಬ್ಬಿದಂತೆ ಜನ ರಾತ್ರಿ ಯಾರಿಗೂ ನಿಲ್ಲಿಸುವುದಿಲ್ಲ. ನಿಜವಾಗಿ ಬಿದ್ದ ಬೈಕ್ ಸವಾರನೂ ರಸ್ತೆ ಬದಿಯಲ್ಲೇ ಉಳಿಯುತ್ತಾನೆ. ನೆರವಾದವರನ್ನು ರಕ್ಷಿಸುವ ಕಲಂ 134ಎ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದಿದೆ, ಆದರೆ ಅದು ಪೊಲೀಸ್ ಕಿರುಕುಳದ ಭಯಕ್ಕೆ ಮದ್ದು, ಈ ಭಯಕ್ಕಲ್ಲ. ನಿಲ್ಲಿಸಲು ಧೈರ್ಯವಿಲ್ಲದಿದ್ದರೆ ಕಿಟಕಿ ಏರಿಸಿಕೊಂಡೇ ಮುಂದೆ ಹೋಗಿ 112 ಅಥವಾ ಹೆದ್ದಾರಿಯ 1033ಕ್ಕೆ ತಿಳಿಸುವುದಂತೂ ಸಾಧ್ಯ.

ಸಿಕ್ಕಿದ ಕಾರು, ಬೇಡವಾದ ಕಾರು

ಪತ್ತೆಯಾದ ಕಾರು ನೇರವಾಗಿ ಮನೆಗೆ ಬರುವುದಿಲ್ಲ, ಯಾಕೆಂದರೆ ಅದು ಈಗ ಸಾಕ್ಷ್ಯ. ಬೆರಳಚ್ಚು ತೆಗೆಯಬೇಕು, ಮಹಜರು ಆಗಬೇಕು, ನ್ಯಾಯಾಲಯಕ್ಕೆ ತಿಳಿಸಬೇಕು. ಮಳೆಗಾಲ ಬಂದರೆ ಠಾಣೆಯ ಅಂಗಳದ ಕಾರಿನ ಗತಿ ಏನಾಗುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲೇ ಹೇಳಿತ್ತು. ಮಾಲೀಕರು ಅರ್ಜಿ ಹಾಕಿ, ಬಾಂಡು ಬರೆದುಕೊಟ್ಟು ಮಧ್ಯಂತರವಾಗಿ ಬಿಡಿಸಿಕೊಳ್ಳುತ್ತಾರೆ.

ಬಂದ ಕಾರಿನಲ್ಲಿ ಬೆರಳಚ್ಚಿನ ಪುಡಿ, ಯಾರದೋ ಸಿಗರೇಟಿನ ವಾಸನೆ, ಹಿಂದಿನ ಸೀಟಿನಲ್ಲಿ ಮಗಳ ನೀರಿನ ಬಾಟಲಿ. ಅವಳು ಹತ್ತುವುದಿಲ್ಲ. ‘ಮಾರಿಬಿಡಿ’ ಎನ್ನುತ್ತಾಳೆ ಹೆಂಡತಿ. ಮಾರುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತು ಬಾಂಡಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಮರೆಯಲೇಬೇಕಾದ ವಸ್ತುವನ್ನು ವರ್ಷಗಟ್ಟಲೆ ಅಂಗಳದಲ್ಲಿ ಕಾಯ್ದಿಡಿ ಎಂದು ಕಾನೂನೇ ಆ ಮನೆಗೆ ಹೇಳಿದಂತಾಗುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಕಾರನ್ನು ಎದುರಿಸುವುದು ಒಳ್ಳೆಯದಿರಬಹುದು, ಆದರೆ ಯಾವಾಗ, ಎಷ್ಟು ಎಂಬುದನ್ನು ಹೆದರಿದವರು ನಿರ್ಧರಿಸಬೇಕು.

ಹೊಸ ಸಂಹಿತೆಯಲ್ಲಿ ಇದಕ್ಕೊಂದು ಕಿಂಡಿ ಇದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರಂತೆ ಸ್ವತ್ತು ಹಾಜರಾದ 14 ದಿನಗಳೊಳಗೆ ನ್ಯಾಯಾಲಯ ಅದರ ವಿವರಪಟ್ಟಿ ಮಾಡಬೇಕು, ಫೋಟೊ ತೆಗೆಸಬೇಕು, ಬೇಕಿದ್ದರೆ ವಿಡಿಯೊ ಮಾಡಿಸಬೇಕು. ಆ ಪಟ್ಟಿ ಮತ್ತು ಚಿತ್ರಗಳೇ ವಿಚಾರಣೆಯಲ್ಲಿ ಸಾಕ್ಷ್ಯವಾಗುತ್ತವೆ. ಆಮೇಲಿನ 30 ದಿನಗಳಲ್ಲಿ ಸ್ವತ್ತಿನ ವಿಲೇವಾರಿಯ ಆದೇಶ ಆಗಬೇಕು. ಹಾಗಾಗಿ ಚಿತ್ರೀಕರಣ ಮುಗಿದ ಮೇಲೆ ಮಾರಾಟದ ನಿರ್ಬಂಧವನ್ನು ಸಡಿಲಿಸಿ ಎಂದು ಕಾರಣ ಕೊಟ್ಟು ಅರ್ಜಿ ಹಾಕಬಹುದು. ಆ ಅರ್ಜಿಗೆ ಮಗುವಿನ ಚಿಕಿತ್ಸೆಯ ದಾಖಲೆಯನ್ನೂ ಲಗತ್ತಿಸಬಹುದು. ವಕೀಲರ ಖರ್ಚು ಹೊರಲಾರದವರಿಗೆ ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯೂ ಹೋಗುವುದು ಅಲ್ಲಿಗೇ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಸಾಕ್ಷಿ ಹೇಳದಂತೆ ಬೆದರಿಕೆ ಇದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

ಇದೆಲ್ಲ ಮುಗಿದು, ಕುಟುಂಬ ಮತ್ತೆ ಆಟ ನೋಡಲು ರಾತ್ರಿ ಹೊರಡುವಷ್ಟು ಸುಧಾರಿಸಿಕೊಂಡ ಹೊತ್ತಿಗೆ ಸಮನ್ಸ್ ಬರುತ್ತದೆ. ಏಳು ವರ್ಷದವಳು ಆಗ ಒಂಬತ್ತೋ ಹತ್ತೋ. ಅವಳ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಆರೋಪಪಟ್ಟಿ ಸಲ್ಲಿಕೆಯಾದಾಗಲೇ ನೋಡಿಕೊಂಡು, ದೊಡ್ಡವರ ಸಾಕ್ಷ್ಯವೇ ಸಾಕಾಗುವುದಾದರೆ ಅವಳನ್ನು ಕೈಬಿಡುವಂತೆ ಸರ್ಕಾರಿ ಅಭಿಯೋಜಕರನ್ನು ಮೊದಲೇ ಕೇಳಿಕೊಳ್ಳಬೇಕು. ವಿಚಾರಣೆಯ ದಿನ ಬೆಳಿಗ್ಗೆ ನ್ಯಾಯಾಲಯದ ಮೆಟ್ಟಿಲ ಮೇಲೆ ಕೇಳಿದರೆ ಕಾಲ ಮೀರಿರುತ್ತದೆ.